ಎರಡು ಪಿಯಾನೋಗಳ ಚೇಷ್ಟೆ, ನಮ್ಮ ಗಾಂಭೀರ್ಯದ ಗೀಳು

ಒಂದು ಕೃತಿ ಮೆಚ್ಚಿಗೆಯಾದರೆ ನಾವು ಅದನ್ನು 'ಗಂಭೀರ' ಎನ್ನುತ್ತೇವೆ. ಮೆಚ್ಚಿಗೆಯಾಗದಿದ್ದರೆ 'ಬರೀ ಮನರಂಜನೆ' ಎಂದು ಪಕ್ಕಕ್ಕೆ ಸರಿಸುತ್ತೇವೆ. ಕಥೆ, ಕಾವ್ಯ, ನಾಟಕ, ಸಂಗೀತ ಯಾವುದೇ ಇರಲಿ, ಕನ್ನಡ ವಿಮರ್ಶೆಯ ಬಹುಪಾಲು ತೂಕ ಈ ಎರಡೇ ಕಲ್ಲುಗಳಲ್ಲಿ ನಡೆದುಹೋಗಿದೆ. ನವ್ಯದವರಿಗೆ ವ್ಯಕ್ತಿಯ ಒಳಗಿನ ತಳಮಳ ಗಂಭೀರವಾಗಿತ್ತು. ಬಂಡಾಯದವರಿಗೆ ಸಮಾಜದ ಗಾಯ ಗಂಭೀರವಾಗಿತ್ತು. ಎರಡೂ ಬೇಕಾದವೇ. ಆದರೆ ನಗುವವನಿಗೆ, ಚೇಷ್ಟೆ ಮಾಡುವವನಿಗೆ ಈ ಎರಡೂ ಮನೆಗಳ ಪಡಸಾಲೆಯಲ್ಲಿ ಕೂಡಲು ಜಾಗ ಸಿಕ್ಕಿದ್ದು ಕಡಿಮೆ. ಬೀಚಿಯವರನ್ನು ಓದಿ ನಕ್ಕವರು ಲೆಕ್ಕವಿಲ್ಲದಷ್ಟು. ವಿಮರ್ಶೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕ ಪುಟಗಳು ಎಷ್ಟು?

ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೆ ತಂದು ನಿಲ್ಲಿಸಿದ್ದು, ನಮ್ಮ ಸೀಮೆಗೆ ಬಲು ದೂರದ ಎರಡು ಸಂಗೀತ ಕೃತಿಗಳು. ಎರಡೂ ಫ್ರಾನ್ಸಿನವು. ಎರಡರಲ್ಲೂ ಎರಡೆರಡು ಪಿಯಾನೋಗಳು, ಅವುಗಳ ಜೊತೆಗೆ ವಾದ್ಯವೃಂದ. ಒಂದು ಕಮೀಲ್ ಸ್ಯಾಂ-ಸಾನ್ಸ್ 1886ರಲ್ಲಿ ಬರೆದ 'ಪ್ರಾಣಿಗಳ ಕಾರ್ನಿವಲ್'. ಇನ್ನೊಂದು ಫ್ರಾನ್ಸಿಸ್ ಪೂಲಂಕ್ 1932ರಲ್ಲಿ ಬರೆದ, ಎರಡು ಪಿಯಾನೋಗಳ ಕನ್ಸರ್ಟೊ. ಇವುಗಳ ಸ್ವಭಾವವೇ ಆಟ, ಅಣಕ, ತುಂಟತನ. ಹಾಗೆಂದೇ ಪಾಶ್ಚಾತ್ಯ ಸಂಗೀತದ ಪಂಡಿತರಲ್ಲೂ ಕೆಲವರು ಇವನ್ನು ದೊಡ್ಡ ಕೃತಿಗಳ ಸಾಲಿನಿಂದ ಒಂದು ಮೆಟ್ಟಿಲು ಕೆಳಗೆ ಇಟ್ಟಿದ್ದಾರೆ. ಆ ಮೆಟ್ಟಿಲು ಸರಿಯೇ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ವಾದ್ಯದ ವಿಷಯ. ಕವಿತಾಳ, ಮಾನ್ವಿ, ದೇವದುರ್ಗದ ಕಡೆಯವರಿಗೆ ಪಿಯಾನೋ ಎಂದೊಡನೆ ನೆನಪಾಗುವುದು ಹಳೆಯ ಹಿಂದಿ ಸಿನಿಮಾ. ಕೋಟು ತೊಟ್ಟ ನಾಯಕ ಪಾರ್ಟಿಯಲ್ಲಿ ಅದರ ಮುಂದೆ ಕೂತು, ತನ್ನ ಕೈಬಿಟ್ಟವಳಿಗೆ ಕೇಳಿಸುವಂತೆ ದುಃಖದ ಹಾಡು ಹಾಡುತ್ತಾನೆ. ಕನ್ನಡ ನಾಡಿನಲ್ಲಿ ಪಿಯಾನೋವನ್ನು ಆಳವಾಗಿ ಬಲ್ಲವರೆಂದರೆ ಮೈಸೂರಿನ ಜಯಚಾಮರಾಜ ಒಡೆಯರು. ರಷ್ಯದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ ನಡೆದದ್ದು ಅವರ ಹಣದ ನೆರವಿನಿಂದ. ಅದು ಅರಮನೆಯ ಪಿಯಾನೋ. ನಮ್ಮ ಸೀಮೆ 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿಯ ಜನರಿಗೆ ಮನೆಗಳಿರುವ ಪೆಟ್ಟಿಗೆ ಎಂದರೆ ಹಾರ್ಮೋನಿಯಮ್ಮೇ. ದೊಡ್ಡಾಟ, ಭಜನೆ, ಕವ್ವಾಲಿ, ಕಂಪನಿ ನಾಟಕ ಎಲ್ಲಕ್ಕೂ ಅದೇ.

ಆ ಹಾರ್ಮೋನಿಯಂ ಕೂಡ ಫ್ರಾನ್ಸಿನ ಕೂಸು ಎಂಬುದನ್ನು ಎಷ್ಟೋ ಜನ ಗಮನಿಸಿರಲಿಕ್ಕಿಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ಎಂಬ ವಾದ್ಯ ತಯಾರಕ 1840ರ ದಶಕದ ಆರಂಭದಲ್ಲಿ ಅದಕ್ಕೆ ಆ ಹೆಸರಿಟ್ಟು ಪೇಟೆಂಟ್ ಪಡೆದ. ಅಲ್ಲಿ ಅದು ಕಾಲಿನಿಂದ ತಿದಿಯೊತ್ತಿ, ಕುರ್ಚಿಯಲ್ಲಿ ಕೂತು ನುಡಿಸುವ ವಾದ್ಯ. ಸ್ಯಾಂ-ಸಾನ್ಸ್ 1858ರಲ್ಲಿ ಹಾರ್ಮೋನಿಯಂ ಮತ್ತು ಪಿಯಾನೋ ಜೊತೆಗೂಡಿ ನುಡಿಸಲೆಂದೇ ಆರು ರಚನೆಗಳನ್ನು ಬರೆದಿದ್ದ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತುವ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಆಮೇಲೆ ನಮ್ಮ ಗಾಂಭೀರ್ಯ ತನ್ನ ಕೆಲಸ ಮಾಡಿತು. ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಬರುವುದಿಲ್ಲ ಎಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅದೇ ಕಾಲದಲ್ಲಿ ಅದನ್ನು ಉಳಿಸಿ ಬೆಳೆಸಿದವರಲ್ಲಿ ಆಟದವರು ಮತ್ತು ನಾಟಕದವರು ದೊಡ್ಡ ಪಾಲುದಾರರು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆ (1917–2010) ಅವರಂಥ ಉಸ್ತಾದರು ಆ ಪೆಟ್ಟಿಗೆಯಿಂದಲೇ ಖಯಾಲಿನ ಗಾಯಕಿಯನ್ನು ಹೊರಡಿಸಿದ ಮೇಲೆ ಪಂಡಿತರ ಮಾತು ಮೆತ್ತಗಾಯಿತು.

ಪಿಯಾನೋದ ಗುಣ ಬೇರೆ. ಹಾರ್ಮೋನಿಯಮ್ಮಿನಲ್ಲಿ ಗಾಳಿ ನಾಲಗೆಗಳನ್ನು ನುಡಿಸುತ್ತದೆ. ಮನೆ ಒತ್ತಿ ಹಿಡಿದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಮನೆ ಒತ್ತಿದರೆ ಒಳಗಿನ ಸಣ್ಣ ಸುತ್ತಿಗೆ ತಂತಿಗೆ ಬಡಿಯುತ್ತದೆ; ಬಡಿದ ಕ್ಷಣದಿಂದಲೇ ಸ್ವರ ಕರಗತೊಡಗುತ್ತದೆ. ಹಾಗಾಗಿ ಅದಕ್ಕೆ ಮಾತಿನ ಚುರುಕು ಇದೆ. ಎರಡು ಪಿಯಾನೋಗಳನ್ನು ಎದುರುಬದುರು ಇಟ್ಟರೆ ಒಬ್ಬ ಎಸೆದ ಮಾತನ್ನು ಇನ್ನೊಬ್ಬ ಗಾಳಿಯಲ್ಲೇ ಹಿಡಿದು ತಿರುಗಿಸಿ ಎಸೆಯಬಹುದು. ಫ್ರಾನ್ಸಿನಲ್ಲಿ ಇದಕ್ಕೊಂದು ಮನೆಯ ರೂಪವೂ ಇತ್ತು. ಒಂದೇ ಪಿಯಾನೋದ ಮುಂದೆ ಇಬ್ಬರು ಒತ್ತಾಗಿ ಕೂತು ನಾಲ್ಕು ಕೈಗಳಿಂದ ನುಡಿಸುವುದು. ಬಿಜೆಯ 'ಮಕ್ಕಳ ಆಟಗಳು' (1871), ಫೋರೆಯ 'ಡಾಲಿ', ರವೆಲ್ ಇಬ್ಬರು ಮಕ್ಕಳಿಗೆಂದು 1910ರಲ್ಲಿ ಮುಗಿಸಿದ ಅಜ್ಜಿಕಥೆಗಳ ಮಾಲೆ, ಎಲ್ಲವೂ ಈ ಜಾತಿಯವು. ಬಿಜೆ ತನ್ನ ಹನ್ನೆರಡರಲ್ಲಿ ಐದನ್ನು, ರವೆಲ್ ತನ್ನ ಮಾಲೆಯನ್ನು ಮುಂದೆ ವಾದ್ಯವೃಂದಕ್ಕೂ ಅಳವಡಿಸಿದರು. ಅಂದರೆ ಆಟಕ್ಕೆ ಆ ದೇಶದ ಸಂಗೀತದಲ್ಲಿ ಒಂದು ವಂಶಾವಳಿಯೇ ಇದೆ.

ಈಗ 'ಕಾರ್ನಿವಲ್'. ಆಗ ಸ್ಯಾಂ-ಸಾನ್ಸ್‌ಗೆ ಐವತ್ತು ವರ್ಷ. ದೇಶದ ಹಿರಿಯ ಸಂಗೀತಗಾರ ಎಂಬ ಮಾನ ಇತ್ತು. ಜರ್ಮನಿಯ ಸಂಗೀತ ಪ್ರವಾಸ ಕೆಟ್ಟು, ಆಸ್ಟ್ರಿಯಾದ ಒಂದು ಸಣ್ಣ ಊರಲ್ಲಿ ವಿಶ್ರಾಂತಿಗೆಂದು ಉಳಿದಿದ್ದಾಗ, ಬರೆಯಬೇಕಾಗಿದ್ದ ಮೂರನೆಯ ಸಿಂಫನಿಯನ್ನು ಬದಿಗಿಟ್ಟು ಇದನ್ನು ಬರೆದ. ಹದಿನಾಲ್ಕು ತುಣುಕುಗಳು, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಸಿಂಹ, ಕೋಳಿ, ಕಾಡುಕತ್ತೆ, ಆಮೆ, ಆನೆ, ಕಾಂಗರೂ, ಮೀನು, ಕೋಗಿಲೆ ಜಾತಿಯ ಹಕ್ಕಿ ಒಂದೊಂದಾಗಿ ಮೆರವಣಿಗೆಯಲ್ಲಿ ಬರುತ್ತವೆ.

ನಗು ಎಲ್ಲಿದೆ ಎಂದು ಕೇಳುವವರಿಗೆ ಆಮೆಯನ್ನು ತೋರಿಸಬೇಕು. ಆಫೆನ್‌ಬಾಖ್‌ನ ಸಂಗೀತ ನಾಟಕದ ಕಾಲೆತ್ತಿ ಕುಣಿಯುವ ಕ್ಯಾನ್‌ಕ್ಯಾನ್ ಧಾಟಿ ಪ್ಯಾರಿಸ್ಸಿನಲ್ಲಿ ಎಲ್ಲರ ಬಾಯಲ್ಲಿತ್ತು. ಸ್ಯಾಂ-ಸಾನ್ಸ್ ಅದನ್ನೇ ತೆಗೆದುಕೊಂಡು, ಆಮೆ ನಡೆದಷ್ಟು ನಿಧಾನವಾಗಿ ನುಡಿಸುತ್ತಾನೆ. ದ್ರುತ್ ಲಯದ ಒಂದು ಲಾವಣಿಯನ್ನು ವಿಲಂಬಿತದಲ್ಲಿ ಕೂಡಿಸಿ, ಮುಖ ಸಪ್ಪಗೆ ಮಾಡಿಕೊಂಡು ಹಾಡಿದ ಹಾಗೆ. ಆನೆಗೆ ಬಂದರೆ, ಬೆರ್ಲಿಯೋಜ್ ಮತ್ತು ಮೆಂಡೆಲ್‌ಸನ್ ಗಾಳಿಯಲ್ಲಿ ತೇಲುವ ಯಕ್ಷಿಣಿಯರಿಗೆಂದು ಬರೆದ ಹಗುರ ಧಾಟಿಗಳನ್ನು ಎಲ್ಲಕ್ಕಿಂತ ದಪ್ಪ ದನಿಯ ಡಬಲ್ ಬೇಸ್ ವಾದ್ಯಕ್ಕೆ ಹೊರಿಸುತ್ತಾನೆ. 'ಪಳೆಯುಳಿಕೆಗಳು' ಎಂಬ ತುಣುಕಿನಲ್ಲಿ ಮೂಳೆಗಳ ಖಟಖಟ ಸದ್ದಿನ ಕ್ಸೈಲೊಫೋನ್ ಇದೆ. ಅಲ್ಲಿ ಹಳೆಯ ಮಕ್ಕಳ ಹಾಡುಗಳ, ರೊಸ್ಸೀನಿಯ ಧಾಟಿಯ ಜೊತೆಗೆ ತನ್ನದೇ ಪ್ರಸಿದ್ಧ 'ಸಾವಿನ ಕುಣಿತ'ವನ್ನೂ ಪಳೆಯುಳಿಕೆಯೆಂದು ಸೇರಿಸುತ್ತಾನೆ. 'ಉದ್ದ ಕಿವಿಯ ಮಹನೀಯರು' ಎಂಬ ತುಣುಕಿನಲ್ಲಿ ಎರಡು ಪಿಟೀಲುಗಳು ಕತ್ತೆಯಂತೆ ಅರಚುತ್ತವೆ. ಇದು ಸಂಗೀತ ವಿಮರ್ಶಕರ ಮೇಲಿನ ಚಾಟಿ ಎಂದು ಬಹಳ ಜನ ಓದಿದ್ದಾರೆ. ವಿಮರ್ಶೆ ಬರೆಯುವ ನಾವೂ ನಮ್ಮ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಇಡೀ ಕೃತಿಯ ಕೀಲಿ ಇರುವುದು ಹನ್ನೊಂದನೆಯ ತುಣುಕಿನಲ್ಲಿ. ಅದರ ಹೆಸರು 'ಪಿಯಾನೋ ವಾದಕರು'. ಹಕ್ಕಿಗಳು ಹೋದ ಮೇಲೆ, ಪಳೆಯುಳಿಕೆಗಳು ಬರುವ ಮುನ್ನ, ಪ್ರಾಣಿಗಳ ಸಾಲಿನಲ್ಲೇ ಪಿಯಾನೋ ವಾದಕರೂ ಬಂದು ನಿಲ್ಲುತ್ತಾರೆ. ನುಡಿಸುವುದು ಏನನ್ನು? ಸಂಗೀತ ಕಲಿಯಲು ಕೂತ ಮಗು ಮೊದಲು ಬಾರಿಸುವ ಸ್ವರದ ಏಣಿಯನ್ನು. ನಮ್ಮ ಸರಳೆ ವರಸೆ ಇದ್ದ ಹಾಗೆ. ಹೊಸಬರಂತೆ ತಡವರಿಸುತ್ತ ನುಡಿಸಿ ಎಂದು ಅಚ್ಚಾದ ಪ್ರತಿಯಲ್ಲಿ ಸೂಚನೆಯಿದೆ. 1886ರ ಮಾರ್ಚ್ 9ರಂದು ಮೊದಲ ಸಲ ಖಾಸಗಿ ಮಹಫಿಲಿನಲ್ಲಿ ಇದನ್ನು ನುಡಿಸಿದಾಗ ಆ ಎರಡು ಪಿಯಾನೋಗಳ ಮುಂದೆ ಕೂತವರು ಸ್ಯಾಂ-ಸಾನ್ಸ್ ಮತ್ತು ದಿಯೆಮೆರ್. ಇಬ್ಬರೂ ದೇಶದ ಉಸ್ತಾದರು. ಇಬ್ಬರೂ ತಮ್ಮನ್ನು ತಾವೇ ಪ್ರಾಣಿಗಳ ಪಟ್ಟಿಗೆ ಸೇರಿಸಿಕೊಂಡು ಬೇಕೆಂದೇ ಎಡವುತ್ತಾರೆ. ಲಯ ಗಟ್ಟಿಯಾಗಿ ಕೈಗೆ ಹತ್ತಿದವನು ಮಾತ್ರ ಹೀಗೆ ಲಯ ತಪ್ಪಿದಂತೆ ನಟಿಸಬಲ್ಲ. ದೊಡ್ಡಾಟದ ಸಾರಥಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಜನ ಪಾತ್ರಧಾರಿ ಮಾತು ಮರೆತರೆ ಸಾರಥಿ ಅದನ್ನು ನಗೆಯಲ್ಲಿ ತೇಲಿಸಿ ಆಟವನ್ನು ದಡಕ್ಕೆ ತರುತ್ತಾನೆ. ಅದರ ಹಿಂದಿರುವ ರಿಯಾಜ್ ರಾಜನ ಪಾತ್ರದವನದಕ್ಕಿಂತ ಕಡಿಮೆಯದಲ್ಲ.

ಆ ದಿನವನ್ನೂ ಗಮನಿಸಬೇಕು. ಕ್ರೈಸ್ತರ ನಲವತ್ತು ದಿನಗಳ ಉಪವಾಸ ಶುರುವಾಗುವ ಹಿಂದಿನ ದಿನ, ಮಂಗಳವಾರ. ಕಾರ್ನಿವಲ್ಲಿನ ವೇಷ, ಉಂಡಾಟ, ಗದ್ದಲಕ್ಕೆ ಅದು ಕೊನೆಯ ದಿನ. ಶೋಕ ಮತ್ತು ಸಂಯಮದ ಪಕ್ಕದಲ್ಲೇ ಪ್ರಾಣಿವೇಷದ ಆಟ ಇರುವುದು ನಮಗೆ ವಿಚಿತ್ರವಲ್ಲ. ಮುದಗಲ್ಲಿನ ಮೊಹರಂ ನೋಡಿದವರು, ನಮ್ಮ ಹಳ್ಳಿಗಳಲ್ಲಿ ಹರಕೆ ಹೊತ್ತು ಹುಲಿವೇಷ ಹಾಕಿ ಹಲಗೆಯ ಪೆಟ್ಟಿಗೆ ಕುಣಿಯುವ ಹುಡುಗರನ್ನು ನೋಡಿದವರು ಇದನ್ನು ಬಲ್ಲರು. ಆ ಹುಲಿಗಳಲ್ಲಿ ಯಾವುದು ಯಾರ ಮನೆಯದು ಎಂದು ಬಣ್ಣದ ಕೆಳಗಿನಿಂದ ತಿಳಿಯುವುದಿಲ್ಲ.

ಇಷ್ಟಾದರೂ ಸ್ಯಾಂ-ಸಾನ್ಸ್ ಹೆದರಿದ. ಇದು ಅಚ್ಚಾದರೆ ತನ್ನ ಹೆಸರಿನ ತೂಕ ಕಡಿಮೆಯಾದೀತೆಂದು, ತಾನು ಬದುಕಿರುವವರೆಗೆ 'ಹಂಸ' ಎಂಬ ಒಂದು ತುಣುಕನ್ನು ಬಿಟ್ಟು ಬೇರೇನೂ ಪ್ರಕಟವಾಗಕೂಡದೆಂದು ತಡೆದ. ಆ 'ಹಂಸ' ಏಕೆ ಪಾರಾಯಿತು? ಅದರಲ್ಲಿ ನಗು ಇಲ್ಲ. ಎರಡು ಪಿಯಾನೋಗಳ ನೀರಿನ ಮೇಲೆ ಚೆಲ್ಲೋ ವಾದ್ಯ ತೇಲುತ್ತ ಹೋಗುವ ಸುಂದರ, ದುಃಖದ ಧಾಟಿ ಅದು. ಬೇರೆಯಾಗಿ ಕೇಳಿದರೆ ಅದು ಸ್ವಲ್ಪ ಅತಿ ಸಿಹಿಯೇ. ಕತ್ತೆ, ಆಮೆ, ಎಡವುವ ವಾದಕರ ನಂತರ ತನ್ನ ಜಾಗದಲ್ಲಿ ಕೇಳಿದಾಗ ಮಾತ್ರ ಅದು ಎದೆಗೆ ತಾಗುತ್ತದೆ. ನಗು ಮನಸ್ಸನ್ನು ಹದ ಮಾಡಿಕೊಟ್ಟಿರುತ್ತದೆ. 1921ರ ಡಿಸೆಂಬರಿನಲ್ಲಿ ಆತ ತೀರಿಕೊಂಡ. ಪೂರ್ತಿ ಕೃತಿಯ ಸಾರ್ವಜನಿಕ ಪ್ರಯೋಗ ನಡೆದದ್ದು 1922ರ ಫೆಬ್ರವರಿಯಲ್ಲಿ. ಇಂದು ಆತನ ಕೃತಿಗಳಲ್ಲಿ ಜನ ಅತಿ ಹೆಚ್ಚು ಕೇಳುವವುಗಳಲ್ಲಿ ಆತ ಬಚ್ಚಿಟ್ಟ ಇದೂ ಒಂದು.

ಆತ ಕಣ್ಣು ಮುಚ್ಚಿದ್ದು ಪ್ಯಾರಿಸ್ಸಿನಲ್ಲಲ್ಲ, ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ. ಬಿಸಿಲು ಮತ್ತು ಆರೋಗ್ಯಕ್ಕಾಗಿ ಆತ ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದ. ಫ್ರಾನ್ಸ್ ಆ ನಾಡಿಗೆ 1830ರಲ್ಲಿ ನುಗ್ಗಿತು. ಅದು ಬಿಡುಗಡೆಯಾಗಿದ್ದು 1962ರಲ್ಲಿ, ಲಕ್ಷಾಂತರ ಜನ ಸತ್ತ ಯುದ್ಧದ ನಂತರ. ಸ್ಯಾಂ-ಸಾನ್ಸ್ 1880ರಲ್ಲಿ 'ಅಲ್ಜೀರಿಯನ್ ಸ್ವೀಟ್' ಎಂಬ ವಾದ್ಯವೃಂದದ ಕೃತಿ ಬರೆದ. ಅದರಲ್ಲಿ ಹಡಗಿನಿಂದ ಕಾಣುವ ಊರು ಇದೆ, ಅರಬರ ಕುಣಿತದ ನೆನಪಿದೆ, ಬ್ಲಿದಾ ಊರಿನ ಸಂಜೆಯ ಕನಸಿದೆ. ಕೊನೆಗೆ ಬರುವುದು ಫ್ರೆಂಚ್ ಸೈನ್ಯದ ಕವಾಯತಿನ ಸಂಗೀತ. ಆ ನಾಡಿನವರ ಧಾಟಿಗಳನ್ನೆಲ್ಲ ಕೇಳಿಸಿದ ಮೇಲೆ, ಅವರನ್ನು ಆಳುವ ಬೂಟುಗಳ ಸದ್ದಿನಲ್ಲಿ ಕೃತಿ ಸಂಭ್ರಮದಿಂದ ಮುಗಿಯುತ್ತದೆ. ಅದರಲ್ಲಿ ಒಂದಿಷ್ಟೂ ಅಣಕವಿಲ್ಲ.

ನಮ್ಮ ವಾದ ನಿಂತಿರುವುದು ಇಲ್ಲಿ. ಅಲ್ಜೀರಿಯಾದ ಕೃತಿಯನ್ನು ಆತ ಹೆಸರು ಹಾಕಿ ಪ್ರಕಟಿಸಿದ. 'ಕಾರ್ನಿವಲ್' ಅನ್ನು ನಾಚಿಕೊಂಡು ಬಚ್ಚಿಟ್ಟ. ಗಂಭೀರವಾಗಿದ್ದ ಕಡೆ ಆತನಿಗೆ ತನ್ನ ದೇಶದ ದೌರ್ಜನ್ಯ ಕಾಣಲಿಲ್ಲ. ಆಡಿದ ಕಡೆ ತನ್ನ ಗೆಳೆಯರು, ಗುರುಗಳು, ವಿಮರ್ಶಕರು, ಕೊನೆಗೆ ತಾನೂ ಎಷ್ಟು ಹಾಸ್ಯಾಸ್ಪದ ಎಂಬುದು ನಿಚ್ಚಳವಾಗಿ ಕಂಡಿತು. ಹೀಗಿರುವಾಗ ಯಾವುದು ಹೆಚ್ಚು ಪ್ರಾಮಾಣಿಕ ಕೃತಿ? ಗಾಂಭೀರ್ಯ ಎಂಬುದು ಎಷ್ಟೋ ಸಲ ಅಧಿಕಾರ ತೊಟ್ಟುಕೊಂಡ ಶೇರ್ವಾನಿ. ಅದರ ಗುಂಡಿಗಳನ್ನು ಬಿಚ್ಚುವ ಶಕ್ತಿ ಇರುವುದು ಚೇಷ್ಟೆಗೆ.

ಪೂಲಂಕ್‌ನ ಕನ್ಸರ್ಟೊ ಇನ್ನೊಂದು ಬಗೆಯದು. ಇದನ್ನು ಬರೆಸಿದವರು ಪ್ಯಾರಿಸ್ಸಿನ ಪೋಲಿನ್ಯಾಕ್ ರಾಣಿ. ಆಕೆಯ ತವರಿನ ಹೆಸರು ವಿನ್ನರೆಟ್ಟಾ ಸಿಂಗರ್, ಹೊಲಿಗೆ ಯಂತ್ರದ ಐಸಾಕ್ ಸಿಂಗರ್‌ನ ಮಗಳು. ನಮ್ಮ ಸಂತೆಯೂರುಗಳಲ್ಲಿ ಎಷ್ಟೋ ಮುಸ್ಲಿಂ ಮನೆಗಳ ಒಲೆ ಉರಿದದ್ದು ದರ್ಜಿಯ ಕಾಲು ಸಿಂಗರ್ ಮಷೀನಿನ ಪಟ್ಟಿಯ ಮೇಲೆ ಆಡಿದ್ದರಿಂದ. ಲೋಕದ ಮೂಲೆಮೂಲೆಯ ದರ್ಜಿಗಳು ಕಂತಿನಲ್ಲಿ ಕಟ್ಟಿದ ದುಡ್ಡಿನಲ್ಲಿ ಒಂದಿಷ್ಟು ಹೀಗೆ ಸಂಗೀತವಾಗಿಯೂ ಹೊರಟಿದೆ. 1932ರ ಸೆಪ್ಟೆಂಬರ್ 5ರಂದು ವೆನಿಸ್ ನಗರದಲ್ಲಿ ಪೂಲಂಕ್ ಮತ್ತು ಆತನ ಬಾಲ್ಯದ ಗೆಳೆಯ ಜಾಕ್ ಫೆವ್ರಿಯೇ ಸೇರಿ ಮೊದಲ ಬಾರಿಗೆ ಇದನ್ನು ನುಡಿಸಿದರು. ಇಬ್ಬರೂ ಕೂಡಿ ನುಡಿಸಿದ ಧ್ವನಿಮುದ್ರಣ ಈಗಲೂ ಸಿಗುತ್ತದೆ.

ಎರಡು ಗುದ್ದಿನಂಥ ಹೊಡೆತದಿಂದ ಇದು ಶುರುವಾಗುತ್ತದೆ. ಆಮೇಲೆ ಎರಡು ಪಿಯಾನೋಗಳು ಸಂತೆಯಲ್ಲಿ ಸಿಕ್ಕ ಗೆಳೆಯರಂತೆ ಒಬ್ಬರ ಮಾತನ್ನೊಬ್ಬರು ಕಡಿಯುತ್ತ ಓಡುತ್ತವೆ. ನಗೆನಾಟಕದ ಧಾಟಿ, ಬೀದಿಯ ಧಾಟಿ, ಸರ್ಕಸ್ಸಿನ ಧಾಟಿ ಒಂದರ ಮೇಲೊಂದು ಬೀಳುತ್ತವೆ. ಮೊದಲ ಭಾಗದ ಕೊನೆಯಲ್ಲಿ ಗದ್ದಲ ಒಮ್ಮೆಲೇ ನಿಂತು, ದೂರದ ಕಂಚಿನ ಗಂಟೆಗಳಂಥ ನಾದ ಸುತ್ತತೊಡಗುತ್ತದೆ. ಇದು ಬಾಲಿ ದ್ವೀಪದ ಗಮೆಲಾನ್ ವಾದ್ಯಮೇಳದ ನೆನಪು. ಪೂಲಂಕ್ ಅದನ್ನು ಕೇಳಿದ್ದು 1931ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಸಾಹತು ಪ್ರದರ್ಶನದಲ್ಲಿ. ಯುರೋಪು ತಾನು ಆಳುತ್ತಿದ್ದ ನಾಡುಗಳ ಜನರನ್ನು, ಅವರ ಮನೆ, ಕುಣಿತ, ಹಾಡುಗಳನ್ನು ಜಾತ್ರೆಯಂತೆ ತಂದು ತೋರಿಸಿದ ಜಾಗ ಅದು. ಆ ನೋಟದ ಅಹಂಕಾರವನ್ನು ನಾವು ಮರೆಯಬಾರದು. ಆದರೆ ಕೃತಿಯೊಳಗೆ ಪೂಲಂಕ್ ಆ ನಾದವನ್ನು ಅಣಕಿಸುವುದಿಲ್ಲ. ತನ್ನ ಊರಿನ ಧಾಟಿಗಳನ್ನೆಲ್ಲ ಚೇಷ್ಟೆ ಮಾಡುವವನು, ಬಾಲಿಯ ನಾದ ಬಂದಾಗ ಬಾಯಿಮುಚ್ಚಿ ಕೇಳುತ್ತಾನೆ. ಯಾರೊಂದಿಗೆ ಆಡಬೇಕು, ಯಾರ ಮುಂದೆ ಸುಮ್ಮನಿರಬೇಕು ಎಂಬ ಲಿಹಾಜ್ ಇದು. ಎರಡನೆಯ ಭಾಗದಲ್ಲಿ ಒಂದು ಪಿಯಾನೋ ಒಂಟಿಯಾಗಿ, ಮೊಜಾರ್ಟ್‌ನ ಕಾಲದಿಂದ ಕಳಚಿ ಬಂದಂಥ ಸರಳ ಧಾಟಿ ಹಿಡಿಯುತ್ತದೆ. ಇಡೀ ಕೃತಿಯಲ್ಲಿ ನಮಗೆ ಬಲು ಪ್ರಿಯವಾದ ಜಾಗ ಇದು. ಮೂರನೆಯ ಭಾಗದ ಬಗ್ಗೆ ನಮ್ಮ ತಕರಾರಿದೆ. ಅಲ್ಲಿ ಧಾಟಿಗಳು ಬರುವ ಅವಸರಕ್ಕೆ ಯಾವುದೂ ನಿಲ್ಲುವುದಿಲ್ಲ. ಒಳ್ಳೆಯ ಮಾತುಗಾರ ಚಪ್ಪಾಳೆ ಸಿಕ್ಕಿತೆಂದು ಮಾತು ಮುಂದುವರಿಸಿದ ಹಾಗಾಗಿದೆ.

ಎರಡು ದನಿಗಳು ಹೀಗೆ ಕೆಣಕಾಡುವುದನ್ನು ಕಲಿಯಲು ನಾವು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು, ಜವಾಬು. ದಪ್ಪು, ತುಂತುಣಿ, ತಾಳ, ಹಿಮ್ಮೇಳದವರ ಗೀಗೀ ದನಿ, ಇದೇ ಅವರ ವಾದ್ಯವೃಂದ. ಇದಕ್ಕೆ ಹತ್ತಿರದ ಕಲ್ಗಿ-ತುರಾ ಪರಂಪರೆಯ ಮೂಲಪುರುಷರು ಶಾಹ ಅಲಿ ಎಂಬ ಫಕೀರ ಮತ್ತು ತುಕನಗಿರಿ ಎಂಬ ಗೋಸಾವಿ ಎಂದು ಐತಿಹ್ಯ ಹೇಳುತ್ತದೆ. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಎದುರುಬದುರು ಕೂತು ಒಬ್ಬರ ಕಾಲನ್ನೊಬ್ಬರು ಎಳೆದರು. ಜನ ಬೆಳಗಿನವರೆಗೆ ಕೂತು ಕೇಳಿದರು. ಎರಡು ಪಿಯಾನೋಗಳನ್ನು ಒಂದೇ ಶ್ರುತಿಗೆ ಕೂಡಿಸದಿದ್ದರೆ ಆ ಆಟ ನಡೆಯುವುದಿಲ್ಲ. ಇವರಿಬ್ಬರ ನಡುವೆ ಅಂಥ ಶ್ರುತಿಯೊಂದು ಇತ್ತು.

ಇಂದು ಆ ಶ್ರುತಿ ಸಡಿಲಾಗಿದೆ. ಒಂದು ನಗೆಮಾತಿಗೆ ಪೊಲೀಸು ಠಾಣೆಯಲ್ಲಿ ಕೇಸಾಗುವ ಕಾಲ ಇದು. ಎಲ್ಲ ಕಡೆಯವರಿಗೂ ಮನಸ್ಸು ನೋಯುತ್ತದೆ, ಬೇಗ ನೋಯುತ್ತದೆ. ಅದೇ ಹೊತ್ತಿನಲ್ಲಿ ಬಲವಿಲ್ಲದವರನ್ನು ಹೀಯಾಳಿಸುವುದು ತಮಾಷೆಯ ಹೆಸರಿನಲ್ಲಿ ರಾಜಾರೋಷವಾಗಿ ನಡೆದಿದೆ. ಉರ್ದುವಿನಲ್ಲಿ 'ತಂಜ್-ಓ-ಮಿಜಾಹ್' ಎಂಬ ಜೋಡಿಮಾತಿದೆ. ತಂಜ್ ಎಂದರೆ ಚುಚ್ಚುವ ವ್ಯಂಗ್ಯ, ಮಿಜಾಹ್ ಎಂದರೆ ಹಗುರ ವಿನೋದ. ಎರಡನ್ನೂ ಕೂಡಿಸಿ ಬರೆದವರು ನಮ್ಮ ಕಲಬುರಗಿ ಸೀಮೆಯಲ್ಲೇ ಹುಟ್ಟಿದ ಮುಜ್ತಬಾ ಹುಸೇನ್ (1936–2020). ನಗೆಬರಹಕ್ಕೆಂದೇ 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬದುಕಿಡೀ ನಗಿಸಿದ ಆ ಹಿರಿಯರು 2019ರ ಡಿಸೆಂಬರಿನಲ್ಲಿ, ದೇಶದ ಸ್ಥಿತಿ ಕಂಡು ಆ ಪ್ರಶಸ್ತಿಯನ್ನು ಹಿಂದಿರುಗಿಸುವುದಾಗಿ ಹೇಳಿದರು. ನಗುವವರಿಗೆ ಜವಾಬ್ದಾರಿಯಿಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಆಟದ ಕೃತಿಯನ್ನು ಅಳೆಯಲು ಬೇರೆ ಅಳತೆಗೋಲು ಬೇಕು ಎಂಬುದಷ್ಟೇ ನಮ್ಮ ಮಾತು. ನಗುವವನು ಯಾರ ಮೇಲೆ ನಗುತ್ತಿದ್ದಾನೆ? ತನ್ನನ್ನೂ ಅದರಲ್ಲಿ ಸೇರಿಸಿಕೊಂಡಿದ್ದಾನೆಯೇ? ಅದರ ಹಿಂದೆ ರಿಯಾಜ್ ಇದೆಯೇ? ಈ ಮೂರು ಪ್ರಶ್ನೆಗಳಿಗೆ 'ಕಾರ್ನಿವಲ್' ಸರಿಯಾಗಿ ಉತ್ತರ ಕೊಡುತ್ತದೆ. ಪೂಲಂಕ್‌ನ ಕನ್ಸರ್ಟೊ ಬಹುಮಟ್ಟಿಗೆ ಕೊಡುತ್ತದೆ. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ವಚನವನ್ನು ಹಿಂದೂಸ್ತಾನಿ ರಾಗಕ್ಕೆ ಕೂಡಿಸಿ ಹಾಡಿದವರು ಅವರು. ಅಂಥ ಅಂಗಳದಲ್ಲಿ ಗೀಗೀ ಮೇಳದ ಎರಡು ಪಕ್ಷಗಳನ್ನು ಕೂಡಿಸಿ, ಖಯಾಲಿಗೆ ಕೊಡುವಷ್ಟೇ ಕಿವಿ ಕೊಟ್ಟು ಕೇಳಿ, ಮರುದಿನ ಅದರ ಬಗ್ಗೆ ಅಷ್ಟೇ ಕಾಳಜಿಯಿಂದ ಬರೆಯುವ ವಿಮರ್ಶಕರು ನಮಗೆ ಬೇಕು. ಫ್ರೆಂಚರ ಈ ಎರಡು ಕೃತಿಗಳನ್ನು ಹುಡುಕಿ ಕೇಳಬಯಸುವವರು 'ಪಿಯಾನೋ ವಾದಕರು' ತುಣುಕಿನಿಂದ ಶುರುಮಾಡಲಿ. ಮನೆಯಲ್ಲಿ ಸಂಗೀತ ಕಲಿಯುವ ಮಗುವಿದ್ದರೆ ಅದನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ದೊಡ್ಡ ಉಸ್ತಾದರಿಬ್ಬರು ತನ್ನಂತೆಯೇ ತಡವರಿಸುವುದನ್ನು ಕೇಳಿ ಅದು ಮೊದಲು ನಗುತ್ತದೆ.